ಕತ್ತಲೆಗಿಂತ ಕೆಳಗಿನ ಗೆರೆ

ಆರ್.ಟಿ. ನಗರದ ಒಳರಸ್ತೆಯೊಂದರಲ್ಲಿ ಲಾಲ್ ಸಾಬರ ಟೈಲರ್ ಅಂಗಡಿ. ಶಾಲೆಯ ಯೂನಿಫಾರಂ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಜೂನ್ ಬಂತೆಂದರೆ ಅಂಗಡಿಯ ತುಂಬ ನೀಲಿ ಪ್ಯಾಂಟು, ಬೂದು ಸ್ಕರ್ಟುಗಳ ರಾಶಿ; ಬಂದವರಿಗೆ ಕೂರಲೂ ಜಾಗವಿರುತ್ತಿರಲಿಲ್ಲ. ಅಳತೆ ಕೊಡಲು ಬಂದವರು ಮಾತಿಗೆಂದು "ಮಗಳು ಏನ್ ಓದ್ತಿದಾಳೆ ಸಾಬ್ರೆ?" ಅಂದರೆ ಅವರು ಮೆಷೀನು ನಿಲ್ಲಿಸಿ, ಕನ್ನಡಕವನ್ನು ಹಣೆಗೇರಿಸಿ, "ಬೆಳಕಿನ ಮೇಲೆ ಕೆಲ್ಸ ಮಾಡ್ತಾ ಅವ್ಳೆ, ದೊಡ್ಡ ಲ್ಯಾಬಲ್ಲಿ" ಅನ್ನುತ್ತಿದ್ದರು. ಈ ಮಾತು ಕೇಳಿಸಿಕೊಂಡಿದ್ದ ಎದುರುಮನೆಯ ದ್ರೌಪದಮ್ಮ ಒಂದು ಸಂಜೆ ಆ ಮಗಳು ತರನ್ನುಮಳನ್ನು ಗೇಟಿನ ಹತ್ತಿರವೇ ಹಿಡಿದು ನಿಲ್ಲಿಸಿ, "ನಮ್ಮನೆ ಬಚ್ಚಲ ಲೈಟು ಮಿಣಮಿಣ ಅಂತದೆ, ಒಸಿ ನೋಡ್ಬಿಡವ್ವ" ಅಂದಿದ್ದರು. ತರನ್ನುಮ್ ನಗಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಿ, ಸ್ಟೂಲ್ ಹತ್ತಿ, ಸಡಿಲಗೊಂಡಿದ್ದ ಬಲ್ಬನ್ನು ತಿರುಗಿಸಿ ಭದ್ರಮಾಡಿ ಬಂದಳು. ಅಂದಿನಿಂದ ಬೀದಿಯ ಪಾಲಿಗೆ ಅವಳು ಲೈಟಿನ ಹುಡುಗಿಯಾದಳು.

ಮನೆಯ ಮಾತು ದಖನಿ ಉರ್ದು. ಆದರೆ ಲಾಲ್ ಸಾಬರು ಹುಟ್ಟಿ ಬೆಳೆದದ್ದು ಚಿಕ್ಕಜಾಲದಲ್ಲಿ. ಹಳ್ಳಿಯ ಕನ್ನಡವೂ ಅವರ ನಾಲಗೆಯ ಮೇಲೆ ಅಷ್ಟೇ ಸಲೀಸು. ಮಗಳನ್ನು ಸರ್ಕಾರಿ ಕನ್ನಡ ಶಾಲೆಗೆ ಸೇರಿಸಿದ ಮೇಲೆ, ಪಾಠದಲ್ಲಿ ಹಿಂದೆ ಬೀಳಬಾರದೆಂದು ಅವರು ಅವಳೊಂದಿಗೆ ಕನ್ನಡದಲ್ಲೇ ಮಾತಾಡತೊಡಗಿದರು. ತಾಯಿ ಸಬೀರಾ ಮಾತ್ರ ದಖನಿ ಬಿಡಲಿಲ್ಲ. ಹೀಗೆ ಅಪ್ಪನಿಗೊಂದು ಭಾಷೆ, ಅಮ್ಮನಿಗೊಂದು ಭಾಷೆ ಇಟ್ಟುಕೊಂಡು ತರನ್ನುಮ್ ದೊಡ್ಡವಳಾದಳು.

ಎಂ.ಎಸ್ಸಿ. ಓದುವಾಗ ಮೇಷ್ಟ್ರೊಬ್ಬರು ತರಗತಿಯಲ್ಲಿ, "ಎಲ್ಲ ದೀಪ ಆರಿಸಿದ ಮೇಲೂ ಏನೋ ಒಂದು ಉಳಿಯುತ್ತೆ. ಕತ್ತಲೆ ಅಂದ್ರೆ ಖಾಲಿ ಅಲ್ಲ. ಅದಕ್ಕೂ ಒಂದು ನಡುಕ ಇದೆ" ಎಂದರು. ಉಳಿದವರು ಬರೆದುಕೊಂಡರು. ತರನ್ನುಮ್ ಎದ್ದು ನಿಂತು, "ಸರ್, ನೀವು ನೋಡಿದೀರಾ?" ಎಂದು ಕೇಳಿದಳು. ಮೇಷ್ಟ್ರು ಸಂಕೋಚದಿಂದ ನಕ್ಕರು. "ನಾನೆಲ್ಲಿ ನೋಡ್ಲಮ್ಮ, ಓದಿರೋದಷ್ಟೇ." ಅವಳಿಗೆ ಆ ಉತ್ತರ ಸಾಕಾಗಲಿಲ್ಲ. ನೋಡಿದವರನ್ನು ಹುಡುಕಿಕೊಂಡು ಹೊರಟವಳು ಕೊನೆಗೆ ಹೆಬ್ಬಾಳದ ಕಡೆಯ ಒಂದು ಸಂಶೋಧನಾ ಸಂಸ್ಥೆ ಸೇರಿದಳು. ಅಲ್ಲಿ ಪ್ರೊಫೆಸರ್ ವಿಜಯ್ ಕುಮಾರ್ ಅವರ ಲ್ಯಾಬಿನಲ್ಲಿ ಪಿಎಚ್.ಡಿ.ಗೆ ಜಾಗ ಸಿಕ್ಕಿತು.

ಯಾವ ಬೆಳಕೂ ಪೂರ್ತಿ ನಿಶ್ಚಲವಲ್ಲ. ಅತ್ಯುತ್ತಮ ಲೇಸರಿನ ಬೆಳಕಿನಲ್ಲೂ ಒಂದು ಸಣ್ಣ ನಡುಕವಿರುತ್ತದೆ; ಅದು ಯಂತ್ರದ ದೋಷವಲ್ಲ, ಬೆಳಕಿನ ಹುಟ್ಟುಗುಣ. ಆ ನಡುಕಕ್ಕೆ ಎರಡು ಮಗ್ಗುಲು. ಅಲೆ ಎಷ್ಟು ಎತ್ತರಕ್ಕೆ ಏಳುತ್ತದೆ ಎಂಬುದರಲ್ಲಿ ಒಂದು ಅನುಮಾನ, ಯಾವ ಗಳಿಗೆಯಲ್ಲಿ ಏಳುತ್ತದೆ ಎಂಬುದರಲ್ಲಿ ಇನ್ನೊಂದು. ಎರಡನ್ನೂ ಒಟ್ಟಿಗೆ ಇಲ್ಲವಾಗಿಸಲು ಯಾರಿಂದಲೂ ಆಗದು. ಆದರೆ ಒಂದು ಮಗ್ಗುಲನ್ನು ಅದುಮಬಹುದು. ಅದುಮಿದಷ್ಟೂ ಇನ್ನೊಂದು ಮಗ್ಗುಲು ಉಬ್ಬುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ಹಾಗೆ ಅದುಮಿದ ಬೆಳಕಿನಿಂದ ಅಳೆದರೆ ಸಾಧಾರಣ ಬೆಳಕಿಗೆ ಸಿಗದಷ್ಟು ಸಣ್ಣ ಅಲುಗಾಟವೂ ಸಿಗುತ್ತದೆ. ದೂರದ ಆಕಾಶದಲ್ಲಿ ಕಪ್ಪುಕುಳಿಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಹೊರಡುವ ಅಲೆಗಳನ್ನು ಹಿಡಿಯುವವರು ಈಗ ಈ ಬೆಳಕನ್ನೇ ನೆಚ್ಚಿಕೊಂಡಿದ್ದಾರೆ.

ಲ್ಯಾಬಿನಲ್ಲಿ ಎಲ್ಲರೂ ಅದನ್ನು ಸ್ಕ್ವೀಝ್ಡ್ ಲೈಟ್ ಅನ್ನುತ್ತಿದ್ದರು. ಅಪ್ಪನಿಗೆ ತಿಳಿಸಿ ಹೇಳುವಾಗ ತರನ್ನುಮ್ ಮೊದಲು "ಹಿಂಡಿದ ಬೆಳಕು" ಅಂದಳು.

"ಇಂಡಿದ್ರೆ ನೀರು ಬೀಳ್ಬೇಕಲ್ಲ?" ಅಂದರು ಲಾಲ್ ಸಾಬ್.

ಅವಳು ಸ್ವಲ್ಪ ಯೋಚಿಸಿ "ಅದುಮಿದ ಬೆಳಕು" ಎಂದು ಬದಲಿಸಿಕೊಂಡಳು. ಅದುಮಿದರೆ ಏನೂ ಹೊರಗೆ ಚೆಲ್ಲುವುದಿಲ್ಲ, ಪಕ್ಕಕ್ಕೆ ಸರಿಯುತ್ತದೆ ಅಷ್ಟೆ. ಆ ಹೆಸರು ಅವಳಿಗೆ ಹಿಡಿಸಿತು.

ಲ್ಯಾಬೆಂದರೆ ಕಿಟಕಿಯಿಲ್ಲದ ಒಂದು ಕೋಣೆ. ನಡುವೆ ಹಾಸುಗಲ್ಲಿನಷ್ಟು ಭಾರದ ಉಕ್ಕಿನ ಮೇಜು, ಮೇಜಿನ ತುಂಬ ಬೆರಳುಗಾತ್ರದ ಕನ್ನಡಿಗಳು, ಮಸೂರಗಳು. ಎದುರುಬದುರಾಗಿ ನಿಲ್ಲಿಸಿದ ಎರಡು ಕನ್ನಡಿಗಳ ನಡುವೆ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಒಂದು ಹರಳು. ಅದರೊಳಗೆ ಹಸಿರು ಲೇಸರ್ ಹಾಯಿಸಿದರೆ ಹಸಿರಿನ ಕಣಗಳು ಒಡೆದು, ಕಣ್ಣಿಗೆ ಕಾಣದ ಕೆಂಪಾಚೆಯ ಬೆಳಕಿನ ಕಣಗಳು ಜೋಡಿಜೋಡಿಯಾಗಿ ಹುಟ್ಟುತ್ತವೆ. ಅದುಮುವ ಶಕ್ತಿಯೆಲ್ಲ ಆ ಜೋಡಿಗಳ ಒಗ್ಗಟ್ಟಿನಲ್ಲಿದೆ. ಕನ್ನಡಿಯ ಮೇಲೊಂದು ಧೂಳಿನ ಕಣ ಕೂತು ಜೋಡಿಯಲ್ಲೊಂದು ಕಳೆದುಹೋದರೆ, ಕಳೆದುಹೋದುದರ ಜಾಗಕ್ಕೆ ಸಾಧಾರಣ ಕತ್ತಲೆ ತನ್ನ ನಡುಕದ ಸಮೇತ ಬಂದು ಕೂರುತ್ತದೆ. ಆಮೇಲೆ ಎಷ್ಟು ದೊಡ್ಡ ಆಂಪ್ಲಿಫೈಯರ್ ಹಾಕಿದರೂ ಕಳೆದದ್ದು ಹಿಂದಿರುಗದು. ಆದ್ದರಿಂದ ಆ ಲ್ಯಾಬಿನ ಕೆಲಸದ ಮುಕ್ಕಾಲು ಪಾಲು, ಎಲ್ಲಿ ಏನು ಸೋರಿಹೋಗುತ್ತಿದೆ ಎಂದು ಹುಡುಕುವುದೇ ಆಗಿತ್ತು.

ಅವಳ ಜೊತೆ ಕೆಲಸ ಮಾಡುತ್ತಿದ್ದವನು ಜಗನ್. ರಾಜಾನುಕುಂಟೆಯವನು, ಅವಳಿಗಿಂತ ಒಂದು ವರ್ಷ ಸೀನಿಯರ್. ಚುರುಕು ಕೈ, ಚುರುಕು ಮಾತು. ತಾಳ್ಮೆ ಮಾತ್ರ ಕಡಿಮೆ. ತರನ್ನುಮ್‌ಗೆ ತಾಳ್ಮೆ ಜಾಸ್ತಿ. ಇಬ್ಬರೂ ಜಗಳವಾಡಿಕೊಂಡೇ ವರ್ಷಗಟ್ಟಲೆ ದುಡಿದರು. ಆ ದಿನಗಳಲ್ಲಿ ಏರ್‌ಪೋರ್ಟ್ ಕಡೆಯ ಮೆಟ್ರೊ ಕಂಬಗಳಿಗೆ ನೆಲ ಕೊರೆಯುವ ಕೆಲಸ ನಡೆದಿತ್ತು. ಹೊರಗೆ ಯಂತ್ರ ಗುದ್ದಿದಾಗಲೆಲ್ಲ ಒಳಗೆ ಕನ್ನಡಿಗಳ ನಡುವಿನ ಅಂತರ ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಕದಲುತ್ತಿತ್ತು. ಅಷ್ಟಕ್ಕೇ ಬೆಳಕಿನ ಹಿಡಿತ ತಪ್ಪಿಹೋಗುತ್ತಿತ್ತು. "ಹೋಯ್ತು ಗುರು, ಮತ್ತೆ ಹೋಯ್ತು" ಎಂದು ಜಗನ್ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದ. ತರನ್ನುಮ್ ಸ್ಕ್ರೂ ತಿರುಗಿಸುತ್ತ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದಳು.

ಅನಾಹುತ ನಡೆದದ್ದು ಫೆಬ್ರವರಿಯ ಒಂದು ಮಧ್ಯಾಹ್ನ. ಒಂದು ಸಮ್ಮೇಳನಕ್ಕೆ ಫಲಿತಾಂಶ ಕಳಿಸುವ ಗಡುವು ಹತ್ತಿರ ಬಂದಿತ್ತು. ಜಗನ್ ಲೇಸರಿನ ಶಕ್ತಿ ಹೆಚ್ಚಿಸಿ ಏನನ್ನೋ ಪರೀಕ್ಷಿಸುತ್ತಿದ್ದವನು, ಯಾರೋ ಕರೆದರೆಂದು ಹೊರಗೆ ಹೋದ. ಹೋಗುವಾಗ ಶಕ್ತಿ ಇಳಿಸಲಿಲ್ಲ. ಊಟ ಮುಗಿಸಿ ಒಳಬಂದ ತರನ್ನುಮ್‌ಗೆ ಅದು ಗೊತ್ತಿರಲಿಲ್ಲ. ಮೀಟರಿನ ಮೇಲೆ ಬರೆದಿತ್ತು, ಆದರೆ ಅವಳು ಮೀಟರ್ ನೋಡಲಿಲ್ಲ. ಕಾಪಾಡುವ ಕನ್ನಡಕ ಹಾಕಿಕೊಂಡರೆ ಹಸಿರು ಚುಕ್ಕೆಯೂ ಕಾಣದೆ ಕತ್ತಲಾಗುತ್ತದೆ. ಹರಳಿನ ಮೇಲೆ ಚುಕ್ಕೆ ಸರಿಯಾಗಿ ಬೀಳುತ್ತಿದೆಯೇ ಎಂದು ಒಂದೇ ಒಂದು ಸಲ ನೋಡಿಬಿಡೋಣವೆಂದು ಅವಳು ಕನ್ನಡಕ ತೆಗೆದು, ಮೇಜಿನ ಮಟ್ಟಕ್ಕೆ ಬಗ್ಗಿದಳು. ಮೇಜಿನ ಮಟ್ಟಕ್ಕೆ ಕಣ್ಣು ತರಬಾರದೆಂಬುದು ಆ ಕೋಣೆಯಲ್ಲಿ ಮೊದಲ ದಿನವೇ ಕಲಿಸುವ ಪಾಠ.

ನೋವಾಗಲಿಲ್ಲ. ಸದ್ದೂ ಇಲ್ಲ. ಬಲಗಣ್ಣಿನೊಳಗೆ ಒಂದು ಬಿಳಿಯ ಮಿಂಚು ಹಾಯ್ದಂತಾಯಿತು. ಯಾವುದೋ ಲೋಹದ ಅಂಚಿಗೆ ತಾಗಿ ಹೊರಳಿದ, ಹಸಿರನ್ನು ಹುಟ್ಟಿಸುವ ಮೂಲ ಲೇಸರಿನ ಕಾಣದ ಬೆಳಕು ನೇರ ಒಳಗೆ ಹೊಕ್ಕಿತ್ತು. ಅವಳು ಕಣ್ಣುಜ್ಜಿಕೊಂಡು ನೆಟ್ಟಗೆ ನಿಂತಳು. ಅಷ್ಟರಲ್ಲಿ ಜಗನ್ ಬಾಗಿಲು ತೆಗೆದು ಬಂದ. ಎಡಗಣ್ಣು ಮುಚ್ಚಿ ಅವನ ಕಡೆ ನೋಡಿದಳು. ಕಿವಿ ಇತ್ತು, ಅಂಗಿಯ ಕಾಲರ್ ಇತ್ತು. ಮುಖ ಇರಲಿಲ್ಲ.

"ಜಗನ್, ನಿನ್ ಮುಖ ಕಾಣ್ತಿಲ್ಲ" ಅಂದಳು, ತುಂಬ ಮೆಲ್ಲಗೆ.

ಅವನು ಮೀಟರ್ ನೋಡಿದ. ಅವಳ ಕೈಯಲ್ಲಿದ್ದ ಕನ್ನಡಕ ನೋಡಿದ. ಆಮೇಲೆ ಓಡಿಹೋಗಿ ಲೇಸರಿನ ಕೆಂಪು ಗುಂಡಿ ಒತ್ತಿದ. ಎಲ್ಲ ಆರಿತು.

ಕಣ್ಣಾಸ್ಪತ್ರೆಯ ಡಾಕ್ಟರು ಕಣ್ಣಿನ ಒಳಪರದೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ತೋರಿಸಿದರು. ಕಿತ್ತಳೆ ಬಣ್ಣದ ಹಿನ್ನೆಲೆ, ಅದರ ನಡುವೆ ಸಾಸಿವೆಯಷ್ಟು ಬಿಳಿ. "ಇದು ಸುಟ್ಟಿರೋ ಜಾಗ. ನಾವು ಓದೋದು, ಮುಖ ಗುರುತು ಹಿಡಿಯೋದು, ಎಲ್ಲಾ ಈ ಜಾಗದಿಂದ್ಲೇ."

ಲಾಲ್ ಸಾಬ್ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. "ವಾಸಿ ಆಯ್ತದಾ ಸಾರ್?"

"ಊತ ಇಳಿದ್ರೆ ಸ್ವಲ್ಪ ಸುಧಾರಿಸ್ಬೋದು. ಸುಟ್ಟಿದ್ದು ಮತ್ತೆ ಬೆಳೆಯಲ್ಲ ಯಜಮಾನ್ರೆ." ಆಮೇಲೆ ತರನ್ನುಮ್ ಕಡೆ ತಿರುಗಿ ಹೇಳಿದರು: "ದಿನ ಕಳೆದ ಹಾಗೆ ನಿಮ್ಗೆ ಆ ಜಾಗ ಕಪ್ಪಾಗಿ ಕಾಣಲ್ಲ. ಮಿದುಳು ಸುತ್ತಲಿನ ಬಣ್ಣ ತಂದು ಅಲ್ಲಿಗೆ ಬಳಿದುಬಿಡುತ್ತೆ. ಎಲ್ಲಾ ಸರಿಯಾಗಿದೆ ಅನ್ಸುತ್ತೆ. ಅದಕ್ಕೇ ರಸ್ತೆ ದಾಟುವಾಗ ಹುಷಾರು. ಎದುರಿಗೆ ಇರೋದೂ ಇಲ್ಲ ಅಂತ ಕಾಣುತ್ತೆ."

ಮನೆಗೆ ಬಂದಾಗ ಸಬೀರಾ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬಹಳ ಹೊತ್ತಾದ ಮೇಲೆ, ಒಲೆಯ ಮೇಲಿಟ್ಟಿದ್ದ ಹಾಲು ಉಕ್ಕಿ ಹೊರಚೆಲ್ಲಿದ ವಾಸನೆ ಬಂತು, ಆಗಲೂ ಏಳಲಿಲ್ಲ.

ಸಂಸ್ಥೆ ವಿಚಾರಣೆಗೊಂದು ಸಮಿತಿ ನೇಮಿಸಿತು. ಜಗನ್ ಮೊದಲು ಹೋಗಿ, "ಪವರ್ ಇಳಿಸದೆ ಹೋಗಿದ್ದು ನಾನು, ತಪ್ಪು ನಂದು" ಎಂದು ಹೇಳಿಬಂದ. ತರನ್ನುಮ್ ಹೋಗಿ, "ಕನ್ನಡಕ ತೆಗೆದಿದ್ದು ನಾನೇ, ಬಗ್ಗಿದ್ದೂ ನಾನೇ" ಅಂದಳು. ಎರಡೂ ನಿಜ. ಪ್ರೊಫೆಸರ್ ವಿಜಯ್ ಕುಮಾರ್, ಗಡುವಿನ ಅವಸರ ತನ್ನದು, ಬಾಗಿಲಿಗೆ ಎಚ್ಚರಿಕೆಯ ದೀಪ ಹಾಕಿಸದೆ ಮುಂದೂಡಿದ್ದೂ ತಾನು ಎಂದರು. ಅದೂ ನಿಜ. ಸಮಿತಿ ಮೂವರ ಮಾತನ್ನೂ ಕೇಳಿ ಲ್ಯಾಬಿಗೆ ಬೀಗ ಹಾಕಿಸಿತು. ಹರಳನ್ನು ಒಂದೇ ಬಿಸಿಯಲ್ಲಿ ಇಡುತ್ತಿದ್ದ ಪುಟ್ಟ ಒಲೆಯ ಸ್ವಿಚ್ಚನ್ನೂ ಆರಿಸಲಾಯಿತು. ಅದು ತಣ್ಣಗಾದರೆ ಕನ್ನಡಿಗಳ ಹೊಂದಾಣಿಕೆಯೆಲ್ಲ ಕದಲಿಹೋಗುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ತರನ್ನುಮ್ ಯಲಹಂಕದ ಒಂದು ಪಿಯು ಕಾಲೇಜಿನಲ್ಲಿ ಪಾಠ ಹೇಳಲು ಸೇರಿಕೊಂಡಳು. ಒಳ್ಳೆಯ ಕೆಲಸವೇ. ಹುಡುಗಿಯರು ಗೌರವ ಕೊಡುತ್ತಿದ್ದರು. ಆದರೆ ದೇಹ ಹೊಸದಾಗಿ ಬದುಕಲು ಕಲಿಯಬೇಕಿತ್ತು. ಆಳ ಅಳೆಯಲು ಎರಡು ಕಣ್ಣೂ ಬೇಕು. ಚಹಾ ಬಗ್ಗಿಸಿದರೆ ಲೋಟದ ಆಚೆ ಬೀಳುತ್ತಿತ್ತು. ಮೆಟ್ಟಿಲ ಕೊನೆಯಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಡುತ್ತಿದ್ದಳು. ದ್ರೌಪದಮ್ಮ ಬಲಗಡೆಯಿಂದ ಬಂದು ಮಾತಾಡಿಸಿದರೆ ಬೆಚ್ಚಿಬೀಳುತ್ತಿದ್ದಳು. ಒಂದು ದಿನ ಅಂಗಡಿಯಲ್ಲಿ ಅಪ್ಪನಿಗೆ ಸೂಜಿಗೆ ದಾರ ಪೋಣಿಸಿಕೊಡಲು ಹೋಗಿ, ಮತ್ತೆ ಮತ್ತೆ ತಪ್ಪಿ, ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಎದ್ದುಹೋದಳು. ಲಾಲ್ ಸಾಬ್ ಆ ಸೂಜಿಯನ್ನು ತೆಗೆದು ತಾವೇ ಪೋಣಿಸಿಕೊಂಡರು. ಅವತ್ತು ಹೊಲಿದ ಕಾಲರ್ ಸೊಟ್ಟಗಾಯಿತು. ಬಿಚ್ಚಿ ಮತ್ತೆ ಹೊಲಿದರು.

ಮಳೆಗಾಲದಲ್ಲಿ ಒಂದು ಭಾನುವಾರ ಜಗನ್ ಮನೆಗೆ ಬಂದ. ಕೈಯಲ್ಲಿ ಮೂಸಂಬಿಯ ಚೀಲ. ಸಬೀರಾ ಬಾಗಿಲಲ್ಲೇ ನಿಂತಳು. ಒಳಗೆ ಕರೆಯಲೂ ಇಲ್ಲ, ಹೋಗೆನ್ನಲೂ ಇಲ್ಲ. ತರನ್ನುಮ್ ಹೊರಗೆ ಬಂದು ಜಗಲಿಯ ಮೇಲೆ ಕೂತಳು.

"ನಾನು ಬಿಟ್ಬಿಡೋಣ ಅಂತಿದೀನಿ" ಅಂದ ಅವನು. "ಬೀಗ ತೆಗೆದ್ರೂ ಆ ರೂಮಿಗೆ ಹೋಗಕ್ಕೆ ನನ್ನಿಂದ ಆಗಲ್ಲ."

"ಬಿಟ್ಟು ನಂಗೇನ್ ಕೊಡ್ತೀಯ?"

ಅವನು ತಲೆ ತಗ್ಗಿಸಿದ.

"ನೀನು ಬಂದ್ ಬಂದ್ ಸಾರಿ ಹೇಳಿದ್ರೆ ನಾನು ಪರ್ವಾಗಿಲ್ಲ ಅನ್ಬೇಕು. ನಂಗೆ ಪರ್ವಾಗಿಲ್ಲ ಅನ್ನಕ್ಕೆ ಆಗಲ್ಲ ಕಣೋ. ಮುಂದೆ ಯಾವತ್ತಾದ್ರೂ ಆಗುತ್ತೋ ಏನೋ, ಈಗ ಆಗಲ್ಲ. ಹಂಗಂತ ನೀನು ಹಾಳಾಗ್ಬೇಕು ಅಂತಾನೂ ಇಲ್ಲ."

ಜಗನ್ ಚೀಲವನ್ನು ಜಗಲಿಯ ಮೇಲಿಟ್ಟು ಹೋದ. ಅವನು ಹೋದಮೇಲೆ ಅವಳಿಗೆ ಸಿಟ್ಟು ಬಂತು. ಮೂಸಂಬಿಯನ್ನು ದ್ರೌಪದಮ್ಮನ ಮನೆಗೆ ಕೊಟ್ಟುಬಂದಳು.

ಲ್ಯಾಬನ್ನು ಮತ್ತೆ ತೆರೆಯುವ ಸುದ್ದಿ ತಿಳಿಸಿದವರು ವಿಜಯ್ ಕುಮಾರ್. ಫೋನಿನಲ್ಲಿ ಅವರ ದನಿ ಅಳುಕುತ್ತಿತ್ತು. "ಬಾ ಅಂತ ನಾನು ಬಲವಂತ ಮಾಡಲ್ಲ ತರನ್ನುಮ್. ಥಿಯರಿ ಕಡೆ ಬೇಕಾದ್ರೂ ಬದಲಾಯಿಸಿಕೊಡ್ತೀನಿ."

ಅವಳು ಒಂದು ವಾರ ಯಲಹಂಕದ ಬಸ್ಸಿನಲ್ಲಿ ಕೂತು ಅದನ್ನೇ ಯೋಚಿಸುತ್ತಿದ್ದಳು. ಕತ್ತಲೆಯ ನಡುಕ ಇಳಿಯುವುದನ್ನು ನೋಡದೆಯೇ ಬಿಟ್ಟರೆ ಕಣ್ಣು ಸುಮ್ಮನೆ ಹೋದಂತಲ್ಲವೇ ಎಂದು ಒಮ್ಮೆ ಅನ್ನಿಸುತ್ತಿತ್ತು. ಮರುಗಳಿಗೆಗೆ, ನೋಡಿದರೂ ಹೋದದ್ದು ಹೋದದ್ದೇ, ಇದು ವ್ಯಾಪಾರದ ಲೆಕ್ಕವಲ್ಲ ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು. ಕೊನೆಗೆ ಉಳಿದದ್ದು ಒಂದೇ ಮಾತು: ಆ ಕೆಲಸ ಅವಳಿಗೆ ಇಷ್ಟ. ಕಣ್ಣು ಹೋಗುವ ಮೊದಲೂ ಇಷ್ಟವಿತ್ತು, ಈಗಲೂ ಇದೆ.

ಮನೆಯಲ್ಲಿ ಹೇಳಿದಾಗ ಸಬೀರಾಳ ಸಹನೆಯ ಕಟ್ಟೆ ಒಡೆಯಿತು. "ಏಕ್ ಆಂಖ್ ತೋ ದೇದಿ, ಅಬ್ ಔರ್ ಕ್ಯಾ ದೇತಿ?" ಎಂದು ಕೂಗಿದಳು. ಒಂದು ಕಣ್ಣು ಕೊಟ್ಟಾಯಿತು, ಇನ್ನೇನು ಕೊಡುತ್ತೀಯ ಎಂದು. ಲಾಲ್ ಸಾಬ್ ಗೋಡೆಗೊರಗಿ ಕೂತಿದ್ದರು. ಅವರು ಹೇಳಿದ್ದು ಇಷ್ಟೇ: "ಓಗ್ಲಿ ಬಿಡು ಸಬೀರಾ. ಆ ಲ್ಯಾಬ್ ಬಿಟ್ರೆ ಅವ್ಳ್ ಎಂಗಾಗ್ತಾಳೆ ಅಂತ ನೋಡಿದೀವಲ್ಲ."

ತರನ್ನುಮ್ ಮರಳಿದಳು, ಆದರೆ ಷರತ್ತು ಹಾಕಿ. ಇನ್ನು ಮುಂದೆ ಯಾರೂ ಬೆಳಕನ್ನು ಬರಿಗಣ್ಣಿನಿಂದ ಹುಡುಕಬಾರದು. ಮೇಜಿನ ಸುತ್ತ ಸಣ್ಣ ಕ್ಯಾಮೆರಾಗಳು. ಕೆಂಪಾಚೆಯ ಬೆಳಕು ಕ್ಯಾಮೆರಾಕ್ಕೆ ಕಾಣುತ್ತದೆ. ಚುಕ್ಕೆಗಳೆಲ್ಲ ಪರದೆಯ ಮೇಲೆ. ಕನ್ನಡಕ ಹಾಕದೆ ಒಳಗೆ ಬಂದರೆ ಲೇಸರ್ ತಾನೇ ಆರಬೇಕು. "ಕೆಲ್ಸ ನಿಧಾನ ಆಗುತ್ತೆ" ಅಂದ ಜಗನ್. "ಆಗ್ಲಿ" ಅಂದಳು. ವಿಜಯ್ ಕುಮಾರ್ ಮರುಮಾತಿಲ್ಲದೆ ಒಪ್ಪಿದರು.

ಜಗನ್ ಲ್ಯಾಬ್ ಬಿಟ್ಟಿರಲಿಲ್ಲ. ಇಬ್ಬರೂ ಮೊದಲಿನಂತೆ ಜಗಳವಾಡುತ್ತಿರಲಿಲ್ಲ. ಅದೇ ತರನ್ನುಮ್‌ಗೆ ಕಷ್ಟವಾಗುತ್ತಿತ್ತು. ಅವನು ಎಲ್ಲದಕ್ಕೂ ಹೂಂ ಅನ್ನುತ್ತಿದ್ದ. ಅವಳು ಸ್ಕ್ರೂಡ್ರೈವರಿಗೆ ಕೈಚಾಚಿದರೆ ತಾನೇ ಎತ್ತಿಕೊಡುತ್ತಿದ್ದ. ಒಂದು ದಿನ ಅವಳಿಗೆ ರೇಗಿ, "ನಾನ್ ಹೇಳಿದ್ದು ತಪ್ಪು ಅಂತ ನಿಂಗೆ ಗೊತ್ತು. ಗೊತ್ತಿದ್ರೂ ಯಾಕೋ ಸುಮ್ನಿದೀಯ? ಬೈಯೋ!" ಅಂದಳು. ಅವನು ಗಾಬರಿಯಾಗಿ ನೋಡಿ, ಆಮೇಲೆ ಮೆಲ್ಲಗೆ, "ಆ ಲೆನ್ಸ್ ಅಲ್ಲಿ ಇಡೋದು ಶುದ್ಧ ದಡ್ಡತನ ಮಗಾ" ಅಂದ. ಅಂದಿನಿಂದ ಕೆಲಸ ಸ್ವಲ್ಪ ಸರಾಗವಾಯಿತು.

ಎಲ್ಲ ಮೊದಲಿನಿಂದ. ಹರಳಿಗೆ ಹೊಸ ಒಲೆ, ಕನ್ನಡಿಗಳಿಗೆ ಹೊಸ ನಿಲುವು. ಸೋರಿಕೆಗಳನ್ನು ಒಂದೊಂದಾಗಿ ಹುಡುಕಿದರು. ಒಂದು ಕನ್ನಡಿಯ ಲೇಪದಲ್ಲಿ ಕೂದಲಿನಂಥ ಗೀರು. ಒಂದು ಸಂವೇದಕ ತನಗೆ ಬಿದ್ದ ಬೆಳಕಿನಲ್ಲಿ ಒಂದಿಷ್ಟನ್ನು ಎಣಿಸದೆ ಬಿಡುತ್ತಿತ್ತು, ಅದನ್ನು ಬದಲಿಸಿದರು. ಒಮ್ಮೊಮ್ಮೆ ಪರದೆಯ ಮೇಲೆ ನಡುಕವನ್ನು ತೋರಿಸುವ ಗೆರೆ ತುಸು ಕೆಳಗಿಳಿದಂತೆ ಕಾಣುತ್ತಿತ್ತು. ನಂಬುವಷ್ಟರಲ್ಲಿ ಹೊರಗೆ ಯಂತ್ರ ಗುದ್ದುತ್ತಿತ್ತು, ಹಿಡಿತ ತಪ್ಪುತ್ತಿತ್ತು.

ಆ ವರ್ಷ ಯಾವುದೋ ಕಾರಣಕ್ಕೆ ಊರಿಗೆಲ್ಲ ಬಂದ್ ಘೋಷಣೆಯಾಯಿತು. ಹಿಂದಿನ ದಿನ ಸಂಜೆ ತರನ್ನುಮ್ ಜಗನ್‌ಗೆ, "ನಾಳೆ ಲಾರಿ ಇರಲ್ಲ, ಮೆಟ್ರೊ ಕೆಲ್ಸಾನೂ ನಿಲ್ಲುತ್ತೆ" ಅಂದಳು. ಅವನಿಗೂ ಅದೇ ಹೊಳೆದಿತ್ತು. ರಾಜಾನುಕುಂಟೆಗೆ ಹೋದರೆ ಬೆಳಗ್ಗೆ ಬರಲಾಗದೆಂದು ಗೆಳೆಯನ ಹಾಸ್ಟೆಲ್ ರೂಮಿನಲ್ಲಿ ಉಳಿದ.

ಬೆಳಗ್ಗೆ ಆಟೊ ಇಲ್ಲ, ಬಸ್ಸಿಲ್ಲ. ಲಾಲ್ ಸಾಬ್ ಅಂಗಡಿ ತೆರೆಯುವಂತಿರಲಿಲ್ಲ. "ನಾನೂ ಬತ್ತೀನಿ, ನಡ್ಕೊಂಡ್ ಓಗವ" ಎಂದು ಚಪ್ಪಲಿ ಮೆಟ್ಟಿಕೊಂಡರು. ಇಬ್ಬರೂ ನಡೆದರು. ಬಳ್ಳಾರಿ ರಸ್ತೆ ಖಾಲಿ. ಯಾವಾಗಲೂ ಮೊರೆಯುತ್ತಿದ್ದ ಆ ಅಗಲ ರಸ್ತೆಯಲ್ಲಿ ಬೀದಿನಾಯಿಗಳು ನಡುಮಧ್ಯೆ ಮಲಗಿದ್ದವು. ವಾಹನವಿಲ್ಲದಿದ್ದರೂ ಲಾಲ್ ಸಾಬ್ ಅಭ್ಯಾಸಬಲದಿಂದ ಮಗಳ ಬಲಗಡೆಗೇ ನಡೆಯುತ್ತಿದ್ದರು.

ಗೇಟಿನಲ್ಲಿ ಸೆಕ್ಯುರಿಟಿಯ ಬೈರಣ್ಣ ತಡೆದರು. "ಯಾರಮ್ಮ ಇವ್ರು?"

"ನಮ್ಮಪ್ಪ."

ಬೈರಣ್ಣ ಲಾಲ್ ಸಾಬರನ್ನು ಒಂದು ಗಳಿಗೆ ನೋಡಿ, ತಮ್ಮ ಕುರ್ಚಿಯಿಂದ ಎದ್ದು, "ಬನ್ನಿ ಯಜಮಾನ್ರೆ, ನೀರ್ ಕುಡಿದು ಓಗಿ, ಬಿಸ್ಲಾಗೆ ಬಂದಿದೀರ" ಅಂದರು. ಆ ಅಪಘಾತದ ದಿನ ಆಂಬುಲೆನ್ಸಿಗೆ ಗೇಟು ತೆಗೆದವರು ಅವರೇ.

ಲ್ಯಾಬಿನ ಹೊರಬಾಗಿಲಲ್ಲಿ ತರನ್ನುಮ್ ಅಪ್ಪನಿಗೆ ಕನ್ನಡಕ ಹಾಕಿ, ಪಟ್ಟಿಯನ್ನು ತಾನೇ ಬಿಗಿದಳು. ಒಳಗೆ ಒಂದು ಮೂಲೆಯ ಕುರ್ಚಿಯಲ್ಲಿ ಕೂರಿಸಿದಳು. ಅವರು ಸುತ್ತ ನೋಡಿದರು. ಕತ್ತಲು, ಒಂದೆರಡು ಪರದೆಗಳ ಬೆಳಕು, ಎಲ್ಲೋ ಫ್ಯಾನಿನ ಸದ್ದು.

"ಎಲ್ಲೈತೆ ನಿನ್ ಬೆಳಕು?"

"ಕಣ್ಣಿಗೆ ಕಾಣಲ್ಲ ಅಬ್ಬಾ. ಆ ಪರದೆ ಮೇಲೆ ಹಳದಿ ಗೆರೆ ಇದೆಯಲ್ಲ, ಅದನ್ನ ನೋಡ್ತಿರಿ."

"ಅದು ಬೆಳಕಾ?"

"ಅಲ್ಲ. ನಮ್ ಬೆಳಕು ಬರೋ ದಾರಿಗೆ ಈಗ ಅಡ್ಡ ಇಟ್ಟಿದೀನಿ. ಆ ದಾರೀಲಿ ಬರ್ತಿರೋದು ಬರೀ ಕತ್ತಲೆ. ಅದರ ನಡುಕಾನ ಇನ್ನೊಂದು ಬೆಳಕಿನ ಜೊತೆ ಬೆರೆಸಿ ಅಳೀತಿದೀವಿ. ಅದು ಕತ್ತಲೆಯ ಗೆರೆ. ಮಾಮೂಲಿ ಬೆಳಕು ಇದಕ್ಕಿಂತ ಕೆಳಗೆ ಇಳಿಯಕ್ಕೆ ಆಗಲ್ಲ."

ಮೇಷ್ಟ್ರು ಓದಿ ಮಾತ್ರ ತಿಳಿದಿದ್ದದ್ದು ಪರದೆಯ ಮೇಲೆ ಸಣ್ಣಗೆ ನಡುಗುತ್ತಿತ್ತು. ಇದನ್ನು ಅವಳು ಎಷ್ಟೋ ಸಲ ನೋಡಿದ್ದಳು. ನೋಡದಿದ್ದದ್ದು ಮುಂದಿನದು.

ಜಗನ್ ಕನ್ನಡಿಗಳ ಹಿಡಿತ ಸರಿಪಡಿಸುತ್ತಿದ್ದ. ಸಾಮಾನ್ಯವಾಗಿ ಕ್ಷಣಕ್ಷಣಕ್ಕೂ ತಪ್ಪುತ್ತಿದ್ದ ಹಿಡಿತ ಅವತ್ತು ನಿಂತಿತು. ನಿಂತೇ ಇತ್ತು. ಹೊರಗೆ ಊರು ಉಸಿರು ಹಿಡಿದಂತಿತ್ತು. "ತೆಗೀಲಾ?" ಎಂದು ಅವನು ಕೇಳಿದ. ತರನ್ನುಮ್ "ತೆಗಿ" ಅಂದಳು. ಅವನು ಅಡ್ಡ ತೆಗೆದ.

ಹಳದಿ ಗೆರೆಯ ಮೇಲೆ ನೀಲಿ ಗೆರೆಯೊಂದು ಮೂಡಿ ಅಲೆಯಂತೆ ಏರಿಳಿಯತೊಡಗಿತು. ಏರಿದಾಗ ಕತ್ತಲೆಯ ಗೆರೆಗಿಂತ ಬಹಳ ಮೇಲೆ ಹೋಗುತ್ತಿತ್ತು. ಅದು ಉಬ್ಬಿದ ಮಗ್ಗುಲು. ಇಳಿದಾಗ ಹಳದಿಯನ್ನು ದಾಟಿ ಕೆಳಗೆ ಹೋಗುತ್ತಿತ್ತು. ತರನ್ನುಮ್ ಒಂದು ಗುಂಡಿಯನ್ನು ಎಳ್ಳುಕಾಳಿನಷ್ಟು ತಿರುಗಿಸಿ ಆ ಏರಿಳಿತವನ್ನು ಕೆಳಗಿನ ಬಿಂದುವಿನಲ್ಲಿ ನಿಲ್ಲಿಸಿದಳು. ನೀಲಿ ಗೆರೆ ಹಳದಿಯ ಕೆಳಗೆ ನೆಟ್ಟಗೆ, ಸುಮ್ಮನೆ ಮಲಗಿತು. ಕತ್ತಲೆಯ ನಡುಕ ಅರ್ಧಕ್ಕಿಂತ ತುಸು ಕೆಳಗೆ ಇಳಿದಿತ್ತು.

ಜಗನ್ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಮುಖ ಮುಚ್ಚಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ತರನ್ನುಮ್ ಅವನ ಕಡೆ ನೋಡಿದಳು. ಹತ್ತಿರ ಹೋಗಬೇಕೆನ್ನಿಸಿತು, ಹೋಗಲಿಲ್ಲ. "ಡೇಟಾ ಸೇವ್ ಮಾಡು ಜಗನ್" ಅಂದಳು.

"ಆಯ್ತಾ?" ಎಂದು ಲಾಲ್ ಸಾಬ್ ಕೇಳಿದರು.

"ಆಯ್ತು ಅಬ್ಬಾ."

ಅವರು ಬಹಳ ಹೊತ್ತು ಆ ಎರಡು ಗೆರೆಗಳನ್ನೇ ನೋಡಿದರು. "ನಂಗೇನೂ ಅರ್ಥ ಆಗ್ಲಿಲ್ಲ ಕಣಮ್ಮ" ಅಂದರು ಕೊನೆಗೆ. "ಆದ್ರೆ ನೀನು ಕೈ ಇಟ್ಟಾಗ ಅದು ನಿಂತ್ಕೊಂತು. ಅದ್ನ ನೋಡ್ದೆ."

ದಿನವಿಡೀ ಅಳೆದರು. ಸಂಜೆ ಬಂದ್ ಮುಗಿದು ಮೊದಲ ಲಾರಿ ಹಾದುಹೋದಾಗ ಗೆರೆ ಒಮ್ಮೆ ಜಿಗಿದು ಚೆದುರಿತು. ಅಷ್ಟರಲ್ಲಿ ಬೇಕಾದುದೆಲ್ಲ ಕೈಗೆ ಸಿಕ್ಕಿತ್ತು.

ಜಗತ್ತಿನ ದೊಡ್ಡ ಲ್ಯಾಬುಗಳಲ್ಲಿ ಇದಕ್ಕಿಂತ ಎಷ್ಟೋ ಪಾಲು ಆಳಕ್ಕೆ ಅದುಮಿದ್ದಾರೆ. ತರನ್ನುಮ್‌ಗೆ ಅದು ಗೊತ್ತಿತ್ತು, ಪ್ರಬಂಧದಲ್ಲಿ ಹಾಗೆಂದೇ ಬರೆದಳು. ಮುಂದಿನ ವರ್ಷ ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕರು, "ಹರಳಿನೊಳಗೆ ಇದಕ್ಕಿಂತ ಹೆಚ್ಚು ಅದುಮಿರಬೇಕು. ಅಳೆಯುವ ಹೊತ್ತಿಗೆ ಉಳಿದದ್ದೆಲ್ಲಿ ಹೋಯಿತು?" ಎಂದು ಕೇಳಿದರು. ಅವಳು ಒಂದೊಂದೇ ಹೇಳಿದಳು: ಕನ್ನಡಿಗಳಲ್ಲಿ ಇಷ್ಟು, ಮಸೂರಗಳಲ್ಲಿ ಇಷ್ಟು, ಸಂವೇದಕದಲ್ಲಿ ಇಷ್ಟು. "ಇನ್ನೂ ಸ್ವಲ್ಪ ಉಳಿಯುತ್ತೆ ಸರ್. ಅದು ಎಲ್ಲಿ ಹೋಗ್ತಿದೆ ಅಂತ ನಮಗೆ ಗೊತ್ತಾಗಿಲ್ಲ." ಪರೀಕ್ಷಕರು ಕನ್ನಡಕದ ಮೇಲಿಂದ ಅವಳನ್ನು ನೋಡಿ ತಲೆಯಾಡಿಸಿದರು. ಮತ್ತೆ ಪ್ರಶ್ನೆ ಕೇಳಲಿಲ್ಲ.

ಈಗ ಜಗನ್ ತುಮಕೂರು ರಸ್ತೆಯ ಕಂಪನಿಯೊಂದರಲ್ಲಿದ್ದಾನೆ. ದಿನಾ ಗೊರಗುಂಟೆಪಾಳ್ಯದ ಜಾಮಿನಲ್ಲಿ ಸಿಕ್ಕಿಕೊಂಡು ಅವಳಿಗೆ ಮೆಸೇಜ್ ಹಾಕುತ್ತಾನೆ. ಅವಳು ಕೆಲವಕ್ಕೆ ಉತ್ತರ ಕೊಡುತ್ತಾಳೆ, ಕೆಲವಕ್ಕೆ ಇಲ್ಲ. ತರನ್ನುಮ್ ಅದೇ ಲ್ಯಾಬಿನಲ್ಲಿ ಮುಂದುವರಿದಿದ್ದಾಳೆ. ಜೀವಂತ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ಇನ್ನೂ ಸ್ಪಷ್ಟವಾಗಿ ನೋಡಬೇಕೆಂದರೆ ಬೆಳಕು ಹೆಚ್ಚಿಸಬೇಕು, ಹೆಚ್ಚಿಸಿದರೆ ಕೋಶ ಸಾಯುತ್ತದೆ; ಬೆಳಕು ಹೆಚ್ಚಿಸದೆ ಅದರ ನಡುಕ ಇಳಿಸಿ ನೋಡಬಹುದೇ ಎಂಬುದು ಅವಳ ಹೊಸ ಕೆಲಸ. ಇದುವರೆಗೆ ಹೇಳಿಕೊಳ್ಳುವಂಥದ್ದೇನೂ ಸಿಕ್ಕಿಲ್ಲ.

ಮೌಖಿಕ ಪರೀಕ್ಷೆಯ ಆ ದಿನ ಸಬೀರಾಳೂ ಬಂದಿದ್ದಳು. ಸಂಸ್ಥೆಯೊಳಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು, ಒಂದು ಮಾತೂ ತಿಳಿಯದೆ, ಕೊನೆಯವರೆಗೂ ಕೂತಿದ್ದಳು. ಮುಗಿದ ಮೇಲೆ ಎಲ್ಲರೂ ಕೈ ಕುಲುಕಿ ಹೋದರು. ತಾಯಿ ಮಗಳು ಇಬ್ಬರೇ ಕ್ಯಾಂಟೀನಿನ ಹೊರಗೆ ಹೊಂಗೆಮರದ ಕೆಳಗಿನ ಬೆಂಚಿನ ಮೇಲೆ ಕೂತರು. ಸಬೀರಾ ಮಗಳ ಬಲಗಣ್ಣನ್ನೇ ನೋಡುತ್ತಿದ್ದಳು. ಹೊರಗಿನಿಂದ ನೋಡಿದರೆ ಆ ಕಣ್ಣಿಗೆ ಏನೂ ಆಗಿರಲಿಲ್ಲ.

"ವೋ ಆಂಖ್ ವಾಪಸ್ ನೈ ಆತಿ ನಾ?" ಎಂದು ಕೇಳಿದಳು. ಆ ಕಣ್ಣು ಇನ್ನು ಹಿಂದಿರುಗುವುದಿಲ್ಲ ಅಲ್ಲವೇ?

"ನೈ ಅಮ್ಮಿ."

ಸಬೀರಾ ಸುಮ್ಮನೆ ತಲೆದೂಗಿದಳು. ಇಷ್ಟು ವರ್ಷ ಈ ಮಾತನ್ನು ಅವಳು ಯಾರ ಬಾಯಿಂದಲೂ ಕೇಳಲು ಒಪ್ಪಿರಲಿಲ್ಲ. ಆಮೇಲೆ ಚೀಲದಿಂದ ಸ್ಟೀಲ್ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಮಗಳ ಕೈಗಿಟ್ಟಳು. ಡಬ್ಬಿ ಇನ್ನೂ ಬೆಚ್ಚಗಿತ್ತು. ಇಬ್ಬರೂ ಊಟಕ್ಕೆ ಕೈಹಾಕಿದರು.